ನಾಲ್ಕು ನಕ್ಷತ್ರದ ಹವಾಲ್ದಾರ

ದೀಪಗಳು ಹತ್ತಿಕೊಂಡ ಮೇಲೂ ಕೇತಕಿ ಸುರ್ವೆ ಕುರ್ಚಿ ಬಿಟ್ಟು ಏಳಲಿಲ್ಲ. ಅಂಧೇರಿಯ ಆ ಪುಟ್ಟ ಥಿಯೇಟರಿನಲ್ಲಿ ಬುಧವಾರಕ್ಕೊಮ್ಮೆ ಸೇರುವ ವಿಮರ್ಶಕರೆಲ್ಲ ಮೈಮುರಿಯುತ್ತ ಸಮೋಸಾ ಇಟ್ಟಿದ್ದ ಮೇಜಿನ ಕಡೆ ಹೊರಟಿದ್ದರು. ಪರದೆಯ ಮೇಲೆ ಹೆಸರುಗಳು ಇನ್ನೂ ಮೇಲಕ್ಕೆ ಸರಿಯುತ್ತಿದ್ದವು. ಅವನ್ನು ಯಾರೂ ಓದುವುದಿಲ್ಲ. ಕೇತಕಿ ಓದಿದಳು. ‘ಪೊಲೀಸ್ ಸಲಹೆಗಾರರು: ಧನಂಜಯ ರಾವ್‌ರಾಣೆ, ನಿವೃತ್ತ ಎ.ಸಿ.ಪಿ.’ ಎಂಬ ಸಾಲು ಬಂದು ಹೋಯಿತು. ಆಮೇಲೆ ಕೃತಜ್ಞತೆಗಳ ಪಟ್ಟಿ. ಹೋಟೆಲಿನವರು, ಜನರೇಟರಿನವರು, ಯಾವನದೋ ನಾಯಿ. ಆ ಉದ್ದದ ಸಾಲಿನಲ್ಲಿ ತನ್ನ ಅಪ್ಪನ ಹೆಸರನ್ನು ಅವಳು ಕೊನೆಯವರೆಗೂ ಹುಡುಕಿದಳು. ಇರಲಿಲ್ಲ.

‘ಥಾನೇ ಕೆ ಪೀಛೇ’, ಅಂದರೆ ಠಾಣೆಯ ಹಿಂದೆ, ಆ ಶುಕ್ರವಾರ ದೇಶದ ತುಂಬ ತೆರೆಕಾಣಲಿದ್ದ ಹಿಂದಿ ಸಿನಿಮಾ. ತಳದಿಂದ ಮಾಡಿನವರೆಗೆ ಕೊಳೆತುಹೋದ ಒಂದು ಪೊಲೀಸ್ ಠಾಣೆಯ ಕತೆ. ಅದರ ಇನ್ಸ್‌ಪೆಕ್ಟರ್ ಲಂಚ ತಿನ್ನುತ್ತಾನೆ, ಸಿಕ್ಕವರನ್ನು ಚಚ್ಚುತ್ತಾನೆ. ಆದರೆ ಅದನ್ನೆಲ್ಲ ಎಷ್ಟು ಚೆಂದವಾಗಿ ಮಾಡುತ್ತಾನೆಂದರೆ, ಅವನು ಸಿಗರೇಟು ಹಚ್ಚಿದಾಗಲೆಲ್ಲ ಹಿಂದೆ ಪಿಟೀಲು ಅಳುತ್ತದೆ. ಅವನ ಕೈಕೆಳಗೊಬ್ಬ ಹವಾಲ್ದಾರ. ತಂಬಾಕು ಅಗಿಯುವ, ಬೆರಳಿಗೆ ಎಂಜಲು ಹಚ್ಚಿ ನೋಟು ತಿರುವುವ ಹುಳು. ಲಾಕಪ್ಪಿನಲ್ಲಿ ಒಬ್ಬ ಹಮಾಲಿ ಹುಡುಗನಿಗೆ ಹೊಡೆಯುವಾಗ ಕಾಲು ಹಿಡಿದುಕೊಳ್ಳುವವನು ಇವನೇ. ಹುಡುಗ ಸತ್ತ ಮೇಲೆ ಅವನ ಕಡೆಯವರಿಂದ ದುಡ್ಡು ತಿಂದು ಸಾಹೇಬನ ವಿರುದ್ಧ ಸಾಕ್ಷಿ ಹೇಳುವವನೂ ಇವನೇ. ಕೊನೆಗೆ ಇನ್ಸ್‌ಪೆಕ್ಟರನ ಮನಸ್ಸಾಕ್ಷಿ ಇದ್ದಕ್ಕಿದ್ದಂತೆ ಎಚ್ಚೆತ್ತು, ಅವನು ಹವಾಲ್ದಾರನ ಕಪಾಳಕ್ಕೆ ಟೋಪಿ ಹಾರಿಹೋಗುವ ಹಾಗೆ ಬಾರಿಸುತ್ತಾನೆ. ಆಗ ಕ್ಯಾಮೆರಾ ಹವಾಲ್ದಾರನ ಸೊಂಟಕ್ಕೆ ಇಳಿಯುತ್ತದೆ. ಬೆಲ್ಟಿನ ಹಿತ್ತಾಳೆ ಬಿಲ್ಲೆ ಪರದೆ ತುಂಬಿಕೊಳ್ಳುತ್ತದೆ. ಅದರ ಮೇಲಿನ ನಂಬರು ೨೨೪೧೬.

ಆ ಬಿಲ್ಲೆ ಕೇತಕಿಯ ಅಪ್ಪ ದತ್ತಾರಾಮ ಸುರ್ವೆಯದು. ಅದರಂಥ ಇನ್ನೊಂದಲ್ಲ, ಅದೇ.

ಹೊರಗೆ ಸಮೋಸಾ ಮೇಜಿನ ಸುತ್ತ ನಕ್ಷತ್ರಗಳ ವ್ಯಾಪಾರ ಆಗಲೇ ಕುದುರಿತ್ತು. ಸಂತೆಯಲ್ಲಿ ಬದನೆಕಾಯಿಯ ದರ ಕೇಳುವ ಹಾಗೆ ಈ ಜನ ಒಬ್ಬರನ್ನೊಬ್ಬರು ‘ನೀನೆಷ್ಟು ಕೊಡ್ತೀಯ, ನೀನೆಷ್ಟು ಕೊಡ್ತೀಯ’ ಎಂದು ಕೇಳಿಕೊಂಡೇ ಮನೆಗೆ ಹೋಗುವುದು. ಮೂರಕ್ಕಿಂತ ಕಡಿಮೆ ಕೊಟ್ಟು ಒಬ್ಬಂಟಿಯಾಗುವ ಧೈರ್ಯ ಯಾರಿಗೂ ಇಲ್ಲ. ಪೊಲೀಸರ ಲಂಚದ ಮೇಲೆ ಸಿನಿಮಾ ಬಂದಿದೆ ಎಂದ ಮೇಲಂತೂ ಕೇಳುವುದೇ ಬೇಡ. ಹೊಗಳಿದವನೂ ಧೈರ್ಯಶಾಲಿ ಎನಿಸಿಕೊಳ್ಳುತ್ತಾನೆ, ಖರ್ಚಿಲ್ಲದೆ.

“ನಾಲ್ಕು!” ಎಂದರು ರೋಹಿಂಟನ್ ದಾರೂವಾಲಾ, ಬಾಯಲ್ಲಿ ಸಮೋಸಾ ಇಟ್ಟುಕೊಂಡೇ. ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಬರೆಯುವ ಈ ಹಿರಿಯ ಪಾರ್ಸಿಗೆ ಕೇತಕಿಯ ಮೇಲೆ ಅಕ್ಕರೆ, ಮಗಳೇ ಎನ್ನುವ ಹಾಗೆ ದೀಕ್ರಿ ಎಂದೇ ಕರೆಯುವುದು. “ಆ ಹವಾಲ್ದಾರನ್ನ ನೋಡಿದ್ಯಾ ದೀಕ್ರಿ? ಮೈಯೆಲ್ಲಾ ಅಸಹ್ಯ ಆಗುತ್ತೆ! ಮತ್ತೆ ಆ ಬಿಲ್ಲೆ ಗಮನಿಸಿದ್ಯೋ ಇಲ್ವೋ? ನಿಜವಾದ ಹಳೇ ಬಿಲ್ಲೆ ಎಲ್ಲಿಂದಲೋ ಹುಡುಕಿ ತಂದಿದ್ದಾರೆ. ಒಂದು ಮೂಲೆ ನೆಗ್ಗಿತ್ತು ನೋಡು. ಇದಪ್ಪಾ ಅಧ್ಯಯನ ಅಂದ್ರೆ!”

“ನೆಗ್ಗಿಸಿದ್ದು ನಾನು” ಎಂದಳು ಕೇತಕಿ.

“ಆಂ?”

“ಪೊಲೀಸ್ ಲೈನಿನ ಮೆಟ್ಟಿಲ ಮೇಲೆ ಕೂತು ಕಾಡುಬಾದಾಮಿ ಕುಟ್ಟಿ ಒಡೀತಿದ್ದೆ, ಅದರಲ್ಲಿ. ಬಾಬಾ ಬೈದಿದ್ದು ಇನ್ನೂ ನೆನಪಿದೆ. ಆ ನಂಬರ್ ನಮ್ಮಪ್ಪಂದು ರೋಹಿಂಟನ್ ಅಂಕಲ್. ಆ ಕೇಸೂ ನಮ್ಮಪ್ಪಂದೇ. ಆದ್ರೆ ನಡೆದದ್ದು ತಲೆಕೆಳಗು.”

ಅವಳು ಹೇಳುತ್ತ ಹೋದಂತೆ ರೋಹಿಂಟನ್ ಅಗಿಯುವುದನ್ನು ನಿಲ್ಲಿಸಿದರು. ಮುಖ ಸಪ್ಪೆಯಾಯಿತು. ಆದರೆ ನಾಲ್ಕು ನಕ್ಷತ್ರ ಒಮ್ಮೆ ಬಾಯಿಂದ ಹೊರಗೆ ಬಿದ್ದಾಗಿತ್ತು, ಸುತ್ತಲಿನ ಐದಾರು ಮಂದಿ ಕೇಳಿಸಿಕೊಂಡೂ ಆಗಿತ್ತು.

“ಬೇಜಾರಿನ ವಿಷಯ. ನಿಜವಾಗ್ಲೂ. ಆದ್ರೆ ಸಿನಿಮಾ ಸಿನಿಮಾನೇ ಅಲ್ವಾ? ಒಂದು ನಂಬರ್ ನೋಡಿ ಇದು ಇಂಥವರದು ಅಂತ ಯಾರಿಗೆ ಗೊತ್ತಾಗುತ್ತೆ?”

“ಯಾರಿಗೆ ಗೊತ್ತಾಗ್ಬಾರ್ದೋ ಅವರಿಗೆಲ್ಲ.”

ಅದು ನಿಜ. ಪೊಲೀಸ್ ಲೈನಿನಲ್ಲಿ ಹೆಸರು ಆಮೇಲೆ, ನಂಬರು ಮೊದಲು. ಹತ್ತಾರು ಪಾಟೀಲರು, ಹತ್ತಾರು ಶಿಂದೆಗಳಿರುವ ಕಡೆ ಹೆಸರು ಹಿಡಿದು ಕೂಗಿದರೆ ಯಾವ ಬಾಗಿಲು ತೆರೆಯಬೇಕು? ‘ಚಾರ್ ಸೋಳಾ ಮನೇಲಿದ್ದಾರಾ’ ಎಂದು ಬಂದವರು ಕೇಳುತ್ತಿದ್ದದ್ದು ಕೇತಕಿಗೆ ಬುದ್ಧಿ ಬಂದಾಗಿನಿಂದ ಕಿವಿಯಲ್ಲಿದೆ. ನಾನೂರ ಹದಿನಾರು. ಕೊನೆಯ ಮೂರು ಅಂಕಿ ಸಾಕು, ಅಪ್ಪ ಎದ್ದು ಹೋಗುತ್ತಿದ್ದರು. ಆಯಿಯನ್ನು, ಅಂದರೆ ಅಮ್ಮನನ್ನು ಕೂಡ ನೆರೆಯ ಹೆಂಗಸರು ಚಾರ್ ಸೋಳಾ ವಹಿನಿ, ಚಾರ್ ಸೋಳಾ ಅತ್ತಿಗೆ ಎಂದೇ ಕರೆಯುತ್ತಿದ್ದರು.

ನಡೆದದ್ದು ಇಷ್ಟು. ಇಪ್ಪತ್ತೇಳು ವರ್ಷಗಳ ಹಿಂದೆ ಬಂದರಿನ ಹತ್ತಿರದ ಒಂದು ಠಾಣೆಗೆ ಕಳ್ಳತನದ ಅನುಮಾನದ ಮೇಲೆ ಹಿಡಿದು ತಂದ ಹುಡುಗ ಬೆಳಗಾಗುವುದರೊಳಗೆ ಸತ್ತ. ಹೊಡೆದವನು ಆಗ ಇನ್ಸ್‌ಪೆಕ್ಟರ್ ಆಗಿದ್ದ ರಾವ್‌ರಾಣೆ. ಮೆಟ್ಟಿಲಿಂದ ಬಿದ್ದ ಎಂದು ಠಾಣೆಗೆ ಠಾಣೆಯೇ ಒಂದೇ ಬಾಯಲ್ಲಿ ಹೇಳಿತು. ಬೀಳಲಿಲ್ಲ, ಹೊಡೆದರು, ಬಾಗಿಲಲ್ಲಿ ನಿಂತು ಬೇಡ ಸಾಹೇಬ್ ಎಂದು ಕೈಮುಗಿದೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಹೇಳಿದವನು ಹವಾಲ್ದಾರ ಸುರ್ವೆ ಒಬ್ಬನೇ. ಹುಡುಗನ ಕಡೆಯವರಿಂದ ದುಡ್ಡು ತಿಂದಿದ್ದಾನೆ ಎಂದು ರಾವ್‌ರಾಣೆಯ ವಕೀಲ ಕೂಗಾಡಿದ. ಅದನ್ನು ಕೋರ್ಟು ಕೂಡ ನಂಬಲಿಲ್ಲ. ಆದರೆ ಉಳಿದ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. ರಾವ್‌ರಾಣೆ ಬಿಡುಗಡೆಯಾದ, ಬಡ್ತಿಯೂ ಸಿಕ್ಕಿತು. ಸುರ್ವೆಗೆ ಸಿಕ್ಕಿದ್ದು ಅಮಾನತು. ಲೈನಿನ ಮನೆ ಖಾಲಿ ಮಾಡಿಸಿದರು. ಮತ್ತೆ ಕೆಲಸಕ್ಕೆ ತೆಗೆದುಕೊಂಡ ಮೇಲೆ ನಿವೃತ್ತಿಯವರೆಗೂ, ಹನ್ನೊಂದು ವರ್ಷ, ಕುದುರೆ ಲಾಯದ ಗೇಟಿನಲ್ಲಿ ನಿಲ್ಲಿಸಿದರು. ಯಾವ ಸುಳ್ಳನ್ನು ಆವತ್ತು ಕೋರ್ಟೇ ನುಂಗಲಿಲ್ಲವೋ ಅದಕ್ಕೆ ಈಗ ಪಿಟೀಲು ಸೇರಿಸಿ ಊರೂರಿನ ಜನಕ್ಕೆ ಬಡಿಸಲು ಹೊರಟಿದ್ದರು. ಬಡಿಸುವವನ ಪಕ್ಕದಲ್ಲಿ ಸಲಹೆಗಾರನಾಗಿ ರಾವ್‌ರಾಣೆಯೇ ನಿಂತಿದ್ದ. ನಾಚಿಕೆ ಎನ್ನುವುದು ಬೇಡವೇ?

ಸಿನಿಮಾ ಬರೆದು ನಿರ್ದೇಶಿಸಿದ ಶೌನಕ್ ಮೆಹರೋತ್ರಾ ಹಿಂದಿನ ವರ್ಷ ಒಂದಿಡೀ ಮಳೆಗಾಲ ಭಾನುವಾರ ಬಂತೆಂದರೆ ಅಪ್ಪನ ಕತೆ ಕೇಳಲು ಕಾಳಾಚೌಕಿಯ ಚಾಳಿನಲ್ಲಿದ್ದ ಕೇತಕಿಯ ಮನೆಗೆ ಬರುತ್ತಿದ್ದ. ಬಂದಕೂಡಲೇ ಕಾಲಿಗೆ ಬೀಳುತ್ತಿದ್ದ. ಆಯಿ ಮಾಡಿದ ತುಂಬುಗಾಯಿ ಬದನೆಯನ್ನು ತಟ್ಟೆ ಸವರಿ ತಿನ್ನುತ್ತಿದ್ದ. ಕೊನೆಯ ಸಲ ಬಂದ ದಿನ ಬೆಲ್ಟು ಕೇಳಿದ. ನಿಮ್ಮ ಬೆಲ್ಟು ನನ್ನ ನಟನ ಸೊಂಟದಲ್ಲಿದ್ದರೆ ನಿಮ್ಮ ಧೈರ್ಯ ಅವನಿಗೂ ಬರುತ್ತದೆ ಅಂಕಲ್ ಎಂದ. ಖಾಕಿ ಬಿಚ್ಚಿಟ್ಟ ಪೊಲೀಸನಿಗೆ ಇಂಥ ಮಾತು ಹೇಳಿದರೆ ಮುಗಿಯಿತು. ಅಪ್ಪ ಟ್ರಂಕಿನಿಂದ ಬೆಲ್ಟು ತೆಗೆದು, ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಹೊಸ ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು. ಯಾರದೋ ಮದುವೆಗೆ ಒಡವೆ ಕೊಟ್ಟ ಹಾಗೆ.

ಥಿಯೇಟರಿನ ಮೆಟ್ಟಿಲಲ್ಲೇ ನಿಂತು ಕೇತಕಿ ಅವನಿಗೆ ಫೋನ್ ಮಾಡಿದಳು.

“ಕೇತಕಿ ಜೀ!” ಎಂದ ಶೌನಕ್, ಹಬ್ಬದ ದನಿಯಲ್ಲಿ. “ನೋಡಿದ್ರಾ? ಸುರ್ವೆ ಅಂಕಲ್ ನನ್ನ ಸಿನಿಮಾದ ಆತ್ಮ!”

“ಆ ಆತ್ಮದ ಕಪಾಳಕ್ಕೆ ಬಾರಿಸಿದ್ದೀರಲ್ಲ.”

“ಅಯ್ಯೋ, ಅದು ಅವರಲ್ಲ. ನಾಲ್ಕೈದು ಜನರನ್ನ ಬೆರೆಸಿ ಮಾಡಿದ ಪಾತ್ರ. ನೋಡಿ, ಒಬ್ಬ ಒಳ್ಳೇ ಪೊಲೀಸನ್ನ ತೋರಿಸಿದ್ರೆ ಜನ ಸಮಾಧಾನ ಮಾಡ್ಕೊಂಡು ಮನೆಗೆ ಹೋಗ್ಬಿಡ್ತಾರೆ. ನನಗೆ ಎಲ್ಲಾ ಕೊಳೆತಿದೆ ಅಂತ ಹೇಳ್ಬೇಕಿತ್ತು.”

“ಎಲ್ಲಾ ಕೊಳೆತಿದ್ರೆ ನಿಮ್ಮ ಇನ್ಸ್‌ಪೆಕ್ಟರ್‌ಗೆ ಮಾತ್ರ ಮನಸ್ಸಾಕ್ಷಿ ಎಲ್ಲಿಂದ ಬಂತು? ರಾವ್‌ರಾಣೆ ಮನೆಯಿಂದ ತಂದ್ಕೊಟ್ರಾ?”

“ಅವರಿಲ್ದಿದ್ರೆ ಒಂದು ಠಾಣೆ ಒಳಗೂ ಕ್ಯಾಮೆರಾ ಇಡೋಕಾಗ್ತಿರ್ಲಿಲ್ಲ. ಸಿನಿಮಾ ಮಾಡೋ ಕಷ್ಟ ನಿಮಗೆ ಗೊತ್ತಿಲ್ಲ” ಎಂದ. ಆಮೇಲೆ, “ನಂಬರ್ ಯಾರ್ರೀ ನೋಡ್ತಾರೆ!” ಎಂದು ನಕ್ಕ.

ಆ ನಗೆಗೆ ಕೇತಕಿಯ ಪಿತ್ತ ನೆತ್ತಿಗೇರಿತು. ತಿಂದ ಅನ್ನಕ್ಕಾದರೂ ಮರ್ಯಾದೆ ಕೊಡುವುದು ಕಲಿತುಕೊಳ್ಳಿ ಎಂದು ಹೇಳಿ ಫೋನ್ ಇಟ್ಟಳು.

ಗುರುವಾರ ಬೆಳಗ್ಗೆ ಅವಳು ತನ್ನ ಪತ್ರಿಕೆಯ ಕಚೇರಿಗೆ ಹೋಗಿ ಪುರವಣಿ ನೋಡಿಕೊಳ್ಳುವ ವಿದ್ಯಾಧರ ಟಿಪ್ನೀಸರ ಎದುರು ಕೂತಳು. ಹದಿನಾಲ್ಕು ವರ್ಷದಿಂದ ಆ ಮರಾಠಿ ಪತ್ರಿಕೆಯ ಶುಕ್ರವಾರದ ವಿಮರ್ಶೆ ಅವಳದು. ಮೂಲೆಯಲ್ಲಿ ಅವಳ ಪುಟ್ಟ ಫೋಟೋ, ಅದರ ಕೆಳಗೆ ಹೆಸರು, ಪಕ್ಕದಲ್ಲಿ ನಕ್ಷತ್ರಗಳು. ಓದುಗರು ಅವಳನ್ನು ಗುರುತು ಹಿಡಿಯುವುದೇ ಆ ಚೌಕಟ್ಟಿನಿಂದ.

ಟಿಪ್ನೀಸರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡು ನೊಂದುಕೊಂಡರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಕೈತೊಳೆದುಕೊಳ್ಳಲು ನೀರು ಹುಡುಕುತ್ತಿದ್ದಾರೆ ಎಂದೇ ಅರ್ಥ.

“ಅಪ್ಪನ ವಿಷಯ ಬಂದ ಮೇಲೆ ನೀನು ಬರೆಯೋದು ಸರಿಯಾಗಲ್ಲ ಕೇತಕಿ.”

“ಅಪ್ಪನ ವಿಷಯ ಅಂತ ಹೇಳೇ ಶುರು ಮಾಡ್ತೀನಿ ಸರ್. ಮುಚ್ಚಿಡೋದು ಏನೂ ಇಲ್ಲ.”

“ಎಲ್ಲರೂ ಹೊಗಳ್ತಿದ್ದಾರೆ. ಪೊಲೀಸರ ಮುಖವಾಡ ಕಳಚಿದ ಸಿನಿಮಾ ಅಂತಿದ್ದಾರೆ. ನಾವೊಬ್ರೇ ಅಡ್ಡ ಹೋದ್ರೆ ಪೊಲೀಸರ ಪರ ಅಂತ ಆಗಲ್ವಾ?”

“ಪೊಲೀಸರೇ ಸಲಹೆ ಕೊಟ್ಟು ಮಾಡಿಸಿದ ಮುಖವಾಡ ಸರ್ ಅದು. ಕಳಚಿದ್ದು ಒಬ್ಬ ಹವಾಲ್ದಾರನ ಮಾನ ಮಾತ್ರ.”

ಟಿಪ್ನೀಸರು “ಬರೆದು ಕಳಿಸು, ನೋಡೋಣ” ಎಂದರು. ಆ ‘ನೋಡೋಣ’ವನ್ನು ಅವಳು ಹೂಂ ಎಂದೇ ತಿಳಿದಳು. ಅಲ್ಲೇ ಕೂತು ಬರೆದಳು. ಬಿಲ್ಲೆಯ ಬಗ್ಗೆ, ಸಾಕ್ಷಿಯ ಬಗ್ಗೆ, ಕುದುರೆ ಲಾಯದ ಗೇಟಿನ ಬಗ್ಗೆ, ಕೊನೆಯ ಸಾಲುಗಳಲ್ಲಿ ಸರಿದುಹೋದ ರಾವ್‌ರಾಣೆಯ ಬಗ್ಗೆ. ನಕ್ಷತ್ರದ ಜಾಗದಲ್ಲಿ ಒಂದನ್ನೂ ಹಾಕಲಿಲ್ಲ.

ಸಂಜೆ ಮನೆಗೆ ಹೋದಾಗ ಅಪ್ಪ ಮರುದಿನಕ್ಕೆಂದು ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಲೈನಿನ ಹಳೆಯ ಗೆಳೆಯರೆಲ್ಲ ಸೇರಿ ಪರೇಲಿನ ಥಿಯೇಟರಿಗೆ ಮಧ್ಯಾಹ್ನದ ಆಟಕ್ಕೆ ಟಿಕೆಟು ತೆಗೆಸಿದ್ದರು, ಹೆಂಡಂದಿರ ಸಮೇತ. ಚಾರ್ ಸೋಳಾನ ಸಿನಿಮಾ ಎಂದು ತಿಂಗಳಿಂದ ಲೈನೆಲ್ಲ ಸುದ್ದಿ.

ಕೇತಕಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅಪ್ಪನನ್ನು ಕೂರಿಸಿ, ಒಂದೂ ಬಿಡದೆ ಹೇಳಿದಳು. ಅಡುಗೆಮನೆಯ ಬಾಗಿಲಲ್ಲಿ ಆಯಿ ಸೌಟು ಹಿಡಿದು ನಿಂತಿದ್ದಳು.

“ಕಾಲು ಹಿಡ್ಕೊಂಡಿದ್ದು ನಾನಾ?” ಎಂದು ಕೇಳಿದರು ಅಪ್ಪ. ಅರ್ಥವಾಗದವರ ಹಾಗೆ ಇನ್ನೊಂದು ಸಲ ಕೇಳಿದರು.

“ಸಿನಿಮಾದಲ್ಲಿ ಹಾಗಿದೆ ಬಾಬಾ.”

“ನನ್ನ ಬದನೆಕಾಯಿ ತಿಂದ ಅವನ ಹೊಟ್ಟೆ ಸೇದಿಹೋಗ್ಲಿ” ಎಂದಳು ಆಯಿ. “ಕಾಲಿಗೆ ಬೇರೆ ಬೀಳ್ತಿದ್ದ, ಕಳ್ಳ ನನ್ಮಗ. ಕಾಲಲ್ಲಿ ಏನು ಕದಿಯೋದಿದೆ ಅಂತ ನೋಡ್ತಿದ್ನೋ ಏನೋ!”

“ನಾಳೆ ಹೋಗ್ಬೇಡಿ ಬಾಬಾ. ಹುಷಾರಿಲ್ಲ ಅಂತ ಹೇಳೋಣ.”

ಅಪ್ಪ ಅರ್ಧ ಇಸ್ತ್ರಿಯಾದ ಅಂಗಿಯನ್ನೇ ನೋಡುತ್ತಿದ್ದರು. “ಹೋಗದಿದ್ರೆ ಹೌದು ಅಂತ ಒಪ್ಕೊಂಡ ಹಾಗಲ್ವೇನೆ ಕೇತೂ? ಆಗ ಠಾಣೆಯಲ್ಲಿ ಜೊತೆಗಿದ್ದ ತಾವ್ಡೆ ನೋಡ್ತಾನೆ, ಎಲ್ಲರೂ ನೋಡ್ತಾರೆ. ನಾನು ಮನೇಲಿ ಕಂಬಳಿ ಹೊದ್ದು ಮಲಗಿರ್ಬೇಕಾ?” ಎಂದರು. ಆಮೇಲೆ ತಲೆಯೆತ್ತಿ, “ನೀನು ಬರೆದಿದ್ದೀಯಾ?” ಎಂದು ಕೇಳಿದರು.

“ಬರೆದು ಕೊಟ್ಟೇ ಬಂದೆ. ನಾಳೆ ಬೆಳಗ್ಗೆ ಬರುತ್ತೆ.”

“ಹಾಗಾದ್ರೆ ಇನ್ನೇನು. ಲೈನಿನವರೆಲ್ಲ ನಿನ್ನ ಪೇಪರೇ ಓದೋದು. ಓದ್ಕೊಂಡೇ ಥಿಯೇಟರಿಗೆ ಬರ್ತಾರೆ.” ಅವರು ಎದ್ದು ಮತ್ತೆ ಸ್ವಿಚ್ಚು ಹಾಕಿ ತೋಳಿನ ಮಡಿಕೆಗೆ ಇಸ್ತ್ರಿ ಒತ್ತಿದರು.

ಬೆಳಗ್ಗೆ ಕೇತಕಿ ಎದ್ದಾಗ ಅಪ್ಪ ಹೊರಗಿನ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಚಹಾ ಆರಿ ಕೆನೆಗಟ್ಟಿತ್ತು. ಪತ್ರಿಕೆ ಮಡಿಲಲ್ಲಿತ್ತು. ಅವರು ಅದನ್ನು ಅವಳ ಕೈಗೆ ಕೊಟ್ಟರು.

ಅವಳದೇ ಚೌಕಟ್ಟು. ಅವಳದೇ ನಗುಮುಖದ ಫೋಟೋ. ‘ಕೇತಕಿ ಸುರ್ವೆ’ ಎಂದು ದಪ್ಪಕ್ಷರ. ಪಕ್ಕದಲ್ಲಿ ನಾಲ್ಕು ನಕ್ಷತ್ರ. ‘ಖಾಕಿಯ ಒಳಗಿನ ಕೊಳೆಯನ್ನು ಬಯಲಿಗೆಳೆದ ಧೀರ ಚಿತ್ರ. ಇನ್ಸ್‌ಪೆಕ್ಟರನ ತೊಳಲಾಟ ಮನ ಕಲಕುತ್ತದೆ. ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸುವವನು ಆ ಹವಾಲ್ದಾರ. ವ್ಯವಸ್ಥೆಯನ್ನು ನಿಜವಾಗಿ ತಿಂದುಹಾಕಿದವರು ಇಂಥ ಸಣ್ಣ ಮನುಷ್ಯರೇ. ಅವನ ಕಪಾಳಕ್ಕೆ ಬೀಳುವ ಏಟು ನಮ್ಮೆಲ್ಲರ ಪರವಾಗಿ ಬಿದ್ದ ಏಟು.’

“ನನ್ನನ್ನ ಹೆದರಿಸೋಕೆ ಅವರಿಗೆ ಹನ್ನೊಂದು ವರ್ಷ ಸಾಲಲಿಲ್ಲ” ಎಂದರು ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ತಡೆಯದಾದದ್ದು. “ನಿನ್ನನ್ನ ಒಂದೇ ದಿನದಲ್ಲಿ ಹೆಂಗೆ ಹೆದರಿಸಿದ್ರು ಕೇತೂ?”

“ಇದು ನಾನು ಬರೆದದ್ದಲ್ಲ ಬಾಬಾ! ಆಯಿ ಆಣೆ, ಒಂದಕ್ಷರಾನೂ ನಂದಲ್ಲ!”

ಅವಳು ಗ್ಯಾಲರಿಯಲ್ಲೇ ನಿಂತು ಟಿಪ್ನೀಸರಿಗೆ ಫೋನ್ ಹಚ್ಚಿದಳು. ಅಪ್ಪನಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದಳು. ಟಿಪ್ನೀಸರು ನಾಲಗೆ ಕಚ್ಚಿಕೊಂಡರು. ಅವಳ ಬರಹವನ್ನು ತಡೆದು, ಸುದ್ದಿಸಂಸ್ಥೆಯಿಂದ ಬಂದ ವಿಮರ್ಶೆ ಹಾಕಲು ಅವರೇ ಹೇಳಿದ್ದರಂತೆ. ಆದರೆ ಪುಟ ಕಟ್ಟುವವರಿಗೆ ಶುಕ್ರವಾರ ಎಂದರೆ ಕೇತಕಿಯ ಚೌಕಟ್ಟು, ಅದು ಯಾವಾಗಲೂ ಸಿದ್ಧವಾಗೇ ಇರುತ್ತದೆ. ಬಂದ ಬರಹವನ್ನು ಅದರೊಳಗೆ ಸುರಿದು ಮನೆಗೆ ಹೋಗಿದ್ದರು.

“ತಪ್ಪಾಗಿದೆ ಕೇತಕಿ, ನೂರಕ್ಕೆ ನೂರು ತಪ್ಪಾಗಿದೆ. ನಾಳೆ ತಿದ್ದುಪಡಿ ಹಾಕಿಸ್ತೀನಿ, ಒಂದು ಸಾಲು.”

“ಒಂದು ಸಾಲಾ ಸರ್? ನನ್ನ ಮುಖ ಹಾಕಿ ನನ್ನಪ್ಪನಿಗೆ ಉಗಿದಿದ್ದೀರಿ. ಒರೆಸೋಕೆ ಒಂದು ಸಾಲಾ?”

“ಸ್ವಲ್ಪ ತಾಳು. ಅಲ್ಲಿವರೆಗೂ ಹೊರಗೆ ಎಲ್ಲೂ ಬಾಯಿ ಬಿಡ್ಬೇಡ. ಪತ್ರಿಕೆ ಮರ್ಯಾದೆ ಪ್ರಶ್ನೆ. ಬಿಟ್ಟೆ ಅಂದ್ರೆ ನಿನ್ನ ಕೆಲಸದ ವಿಷಯದಲ್ಲಿ ನನ್ನ ಕೈಲಿ ಏನೂ ಇರಲ್ಲ.”

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಮಗಳ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು ಬಿಟ್ಟರು. “ನಾನು ನಂಬಿದೆ. ಲೈನಿನವರು ನಂಬ್ಬೇಕಲ್ಲ” ಎಂದು ಒಳಗೆ ಹೋಗಿ ಬಿಳಿ ಅಂಗಿ ತೊಟ್ಟುಕೊಂಡರು.

ಪರೇಲಿನ ಥಿಯೇಟರಿನ ಮುಂದೆ ಮುದುಕರ ಗುಂಪು ಆಗಲೇ ಸೇರಿತ್ತು. ಅಪ್ಪನ ಜೊತೆ ಒಂದೇ ಠಾಣೆಯಲ್ಲಿ ದುಡಿದ ಭಿಕಾಜಿ ತಾವ್ಡೆ ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಕೇತಕಿಯನ್ನು ನೋಡಿ, “ನಾಲ್ಕು ನಕ್ಷತ್ರ ಕೊಟ್ಟಿದ್ದೀಯಂತೆ ಪೋರಿ! ಅಪ್ಪನ ಸಿನಿಮಾ ಅಂತ ಜಾಸ್ತಿ ಕೊಟ್ಯೋ ಹೆಂಗೆ?” ಎಂದು ನಕ್ಕರು. ಕನ್ನಡಕ ಮರೆತು ಬಂದದ್ದರಿಂದ ಅವರಿಗೆ ಓದಲಾಗಿದ್ದು ಫೋಟೋ ಮತ್ತು ನಕ್ಷತ್ರ ಮಾತ್ರ. ಉಳಿದವರು ನಗಲಿಲ್ಲ. ಅವರು ಪೂರ್ತಿ ಓದಿಕೊಂಡೇ ಬಂದಿದ್ದರು. ಅವಳು ಉತ್ತರ ಕೊಡುವಷ್ಟರಲ್ಲಿ ಗಂಟೆ ಹೊಡೆಯಿತು, ಎಲ್ಲರೂ ಒಳಗೆ ನುಗ್ಗಿದರು.

ಮೊದಲರ್ಧ ಮುದುಕರು ಓದಿದ್ದನ್ನು ಮರೆತು ಕುಶಾಲಾಗಿದ್ದರು. ನಟ ಲಾಠಿ ಹಿಡಿದ ರೀತಿಗೆ ಗೇಲಿ ಮಾಡಿದರು, ಸೆಲ್ಯೂಟ್ ಹೊಡೆದ ರೀತಿಗೆ ತಲೆ ಚಚ್ಚಿಕೊಂಡರು. ಲಾಕಪ್ಪಿನ ದೃಶ್ಯ ಬಂದಾಗ ಅವರ ಸಾಲಿಗೆ ಸಾಲೇ ತೆಪ್ಪಗಾಯಿತು. ಆಮೇಲೆ ಕಪಾಳಕ್ಕೆ ಏಟು ಬಿತ್ತು, ಟೋಪಿ ಹಾರಿತು, ಬಿಲ್ಲೆ ಪರದೆ ತುಂಬಿತು. ಥಿಯೇಟರಿಗೆ ಥಿಯೇಟರೇ ಶಿಳ್ಳೆ ಹೊಡೆದು ಎದ್ದು ಕುಣಿಯಿತು. ‘ಇನ್ನೊಂದು ಬಿಡೋ ಆ ನಾಯಿಗೆ’ ಎಂದು ಹಿಂದಿನಿಂದ ಯಾವನೋ ಕಿರುಚಿದ. ಆ ಗದ್ದಲದ ನಡುವೆ ಒಂದು ಸಾಲಿನ ಮುದುಕರು ಮಾತ್ರ ಕಲ್ಲಿನ ಹಾಗೆ ಕೂತಿದ್ದರು. ಅವರಲ್ಲಿ ಒಬ್ಬರೂ ಅಪ್ಪನ ಕಡೆ ತಿರುಗಿ ನೋಡಲಿಲ್ಲ. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಮೊಣಕಾಲ ಮೇಲೆ ಕೈಯಿಟ್ಟು, ಕೊನೆಯವರೆಗೂ ನೋಡಿದರು.

ಹೊರಗೆ ಬಂದಾಗ ಬಿಸಿಲು ರಾಚುತ್ತಿತ್ತು. ಶುಕ್ರವಾರ ಹೊಸ ಸಿನಿಮಾದ ಆಟ ಬಿಡುವ ಹೊತ್ತಿಗೆ ಮೈಕು ಹಿಡಿದ ಹುಡುಗ ಹುಡುಗಿಯರು ಥಿಯೇಟರಿನ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಹೇಗಿತ್ತು, ಎಷ್ಟು ನಕ್ಷತ್ರ ಎಂದು ಕೇಳಿ ಸಂಜೆಯೊಳಗೆ ಜಗತ್ತಿಗೆಲ್ಲ ಹಂಚುತ್ತಾರೆ. ಅವರಲ್ಲಿ ಒಬ್ಬಳು ಕೇತಕಿಯ ಗುರುತು ಹಿಡಿದು ಓಡಿಬಂದಳು.

“ಕೇತಕಿ ಮ್ಯಾಮ್! ಇವತ್ತು ಪೇಪರಲ್ಲಿ ನಾಲ್ಕು ಕೊಟ್ಟಿದ್ದೀರಿ! ಜನರ ಜೊತೆ ಕೂತು ಇನ್ನೊಂದ್ಸಲ ನೋಡಿದ್ರಾ? ಒಂದು ಮಾತು ಹೇಳಿ!”

ಮುದುಕರು ನಿಂತರು. ತಾವ್ಡೆಯ ಕಂಕುಳಿನ ಪತ್ರಿಕೆ ಈಗ ಅವರ ಹೆಂಡತಿಯ ಕೈಯಲ್ಲಿತ್ತು. ಆಕೆ ಅದನ್ನು ಗಂಡನ ಕಿವಿಯ ಹತ್ತಿರ ಓದಿ ಹೇಳುತ್ತಿದ್ದಳು. ಅಪ್ಪ ಎಲ್ಲರಿಂದ ಸ್ವಲ್ಪ ದೂರದಲ್ಲಿ ಒಬ್ಬರೇ ನಿಂತಿದ್ದರು. ಕೆಲಸ ಹೋಗುತ್ತದೆ ಎಂಬುದು ಕೇತಕಿಗೆ ಗೊತ್ತಿತ್ತು. ಹೋಗಲಿ ಎನ್ನಿಸಿತು.

“ಆ ವಿಮರ್ಶೆ ನಂದಲ್ಲ” ಎಂದಳು ಮೈಕಿಗೆ. “ನಾನು ಬರೆದದ್ದನ್ನ ತೆಗೆದುಹಾಕಿ, ಬೇರೆಯವರದ್ದಕ್ಕೆ ನನ್ನ ಫೋಟೋ ಅಂಟಿಸಿದ್ದಾರೆ. ಈ ಸಿನಿಮಾ ಸುಳ್ಳು. ಆ ಬಿಲ್ಲೆ ನಮ್ಮಪ್ಪಂದು, ಇಲ್ಲೇ ನಿಂತಿದ್ದಾರೆ ನೋಡಿ, ಹವಾಲ್ದಾರ ದತ್ತಾರಾಮ ಸುರ್ವೆ. ಅವರು ಯಾರ ಕಾಲೂ ಹಿಡ್ಕೊಳ್ಳಲಿಲ್ಲ. ಆ ಠಾಣೆಯಲ್ಲಿ ನಿಜ ಹೇಳಿದವರು ಅವರೊಬ್ಬರೇ. ಹೊಡೆದು ಕೊಂದವನು ಈ ಸಿನಿಮಾದ ಸಲಹೆಗಾರ. ಹೆಸರು ಕೊನೇಲಿ ಬರುತ್ತೆ, ಯಾರೂ ಓದಲ್ಲ. ಹೋಗಿ ಓದಿ. ನಾಲ್ಕು ನಕ್ಷತ್ರ ಕೊಟ್ಟವರಿಗೆಲ್ಲ ನಾಚಿಕೆ ಆಗ್ಬೇಕು!”

ಸುತ್ತ ಜನ ಕೂಡಿತು. ತಾವ್ಡೆ ನಿಧಾನವಾಗಿ ನಡೆದು ಬಂದು ಅಪ್ಪನ ಪಕ್ಕ ನಿಂತರು. ಆವತ್ತು ಕೋರ್ಟಿನಲ್ಲಿ ತಿರುಗಿಬಿದ್ದ ಸಾಕ್ಷಿಗಳಲ್ಲಿ ತಾವ್ಡೆಯೂ ಒಬ್ಬರು. “ಇವಳು ಹೇಳ್ತಿರೋದು ನಿಜ. ಚಾರ್ ಸೋಳಾ ಬಾಗಿಲಲ್ಲಿದ್ದ, ಬೇಡ ಅಂತಿದ್ದ. ಅಲ್ಲೇ ಇದ್ದವನು ನಾನು” ಎಂದರು. ಉಳಿದ ಮುದುಕರೂ ಹತ್ತಿರ ಬಂದರು. ಕೇತಕಿಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಗೆದ್ದೆ ಎಂದುಕೊಂಡಳು.

ಮೈಕಿನ ಹುಡುಗಿ ಅಪ್ಪನ ಕಡೆ ತಿರುಗಿದಳು. “ಅಂಕಲ್, ನಿಮ್ಮ ಹೆಸರು ಹೀಗೆ ಕೆಡಿಸಿದ್ದಾರಲ್ಲ, ಏನು ಹೇಳ್ತೀರಿ?”

ಅಪ್ಪ ಮೈಕನ್ನು ನೋಡಲಿಲ್ಲ, ಮಗಳನ್ನು ನೋಡಿದರು. “ನನ್ನ ಹೆಸರು ಅಲ್ಲೇನೂ ಇಲ್ಲ, ಬರೀ ನಂಬರಿದೆ” ಎಂದರು. “ಎರಡೂವರೆ ಗಂಟೆ ಕಣ್ಣು ಮಿಟುಕಿಸದೆ ನೋಡಿದೆ. ಸತ್ತ ಆ ಹುಡುಗನಿಗೆ ಒಂದು ಹೆಸರೇ ಇಟ್ಟಿಲ್ಲ ಕೇತೂ. ಛೋಕರಾ, ಛೋಕರಾ ಅಂತಾರೆ ಅಷ್ಟೆ. ಪೇಪರಿನವರೂ ಬರೀಲಿಲ್ಲ. ಈಗ ನೀನು ಇಷ್ಟು ಮಾತಾಡಿದೆ, ನೀನೂ ಹೇಳಲಿಲ್ಲ.”

ಗುರುವಾರ ಕೇತಕಿ ಬರೆದುಕೊಟ್ಟ ಬರಹದಲ್ಲೂ ಆ ಹೆಸರಿರಲಿಲ್ಲ. ಬಿಲ್ಲೆಯ ನೆಗ್ಗು ಕೂಡ ಇತ್ತು, ಅದಿರಲಿಲ್ಲ.

ಅಪ್ಪ ಮೈಕಿನ ಹುಡುಗಿಯ ಕಡೆ ತಿರುಗಿ, ಹಿಮ್ಮಡಿ ಜೋಡಿಸಿ, ಕೈ ಕೆಳಗಿಳಿಸಿ, ಕಟಕಟೆಯಲ್ಲಿ ನಿಂತವರ ಹಾಗೆ ನಿಂತರು.

“ಬರ್ಕೋ ತಾಯಿ. ಶಬ್ಬೀರ್ ಇದ್ರೀಸ್ ಮನಿಯಾರ್. ವಯಸ್ಸು ಹತ್ತೊಂಬತ್ತು. ಕೆಲಸ ಹಮಾಲಿ. ತಾಯಿ ಜುಲೇಖಾಬಿ. ಮಗ ಉಂಡಿಲ್ಲ ಅಂತ ಆಯಮ್ಮ ಠಾಣೆ ಗೇಟಿನ ಹೊರಗೆ ಬುತ್ತಿ ಹಿಡ್ಕೊಂಡು ಬೆಳಗಿನವರೆಗೂ ಕೂತಿದ್ಲು. ಒಳಗೆ ತಗೊಂಡು ಹೋಗಿ ಕೊಡಪ್ಪಾ ಅಂತ ಬುತ್ತಿ ನನ್ನ ಕೈಗೇ ಕೊಟ್ಲು.”